ಸೈಕಲ್ ಸೀಟಿನ ಮೇಲಿನ ಟವಲ್

ನಮ್ಮ ಬಡಾವಣೆ ಹಾಸನದ ಅಂಚಿನಲ್ಲಿ, ಸ್ವಲ್ಪ ದಿಣ್ಣೆಯ ಮೇಲಿದೆ. ಅಲ್ಲಿಂದ ಬಸ್ ಸ್ಟ್ಯಾಂಡಿನವರೆಗೆ ರಸ್ತೆ ಬಹುಪಾಲು ಇಳಿಜಾರು. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಧ ಅರ್ಥವಾದ ಹಾಗೆ. ಬೆಳಿಗ್ಗೆ ಎಲ್ಲರಿಗೂ ಸೈಕಲ್ ಬೇಕು, ಸಂಜೆ ಯಾರಿಗೂ ಬೇಡ.

ಬಾಡಿಗೆ ಸೈಕಲ್ಲುಗಳು ಬಂದದ್ದು ಒಂದು ಮಳೆಗಾಲ ಮುಗಿದ ಮೇಲೆ. ನೀಲಿ ಬಣ್ಣ, ಮುಂದೊಂದು ಬುಟ್ಟಿ, ಹಿಂದಿನ ಚಕ್ರಕ್ಕೆ ಬೀಗ. ಮೊಬೈಲಿನಲ್ಲಿ ಆ್ಯಪ್ ತೆರೆದು ಸೈಕಲ್ಲಿನ ಮೇಲಿರುವ ಕೋಡಿಗೆ ಹಿಡಿದರೆ ಬೀಗ ತಾನಾಗಿ ತೆರೆದುಕೊಳ್ಳುತ್ತದೆ. ಇಂಥ ಕಡೆಯೇ ನಿಲ್ಲಿಸಬೇಕು ಎಂಬ ಕಟ್ಟಳೆ ಇಲ್ಲ. ಕೆಲಸ ಮುಗಿದಲ್ಲಿ ರಸ್ತೆ ಬದಿಗೆ ಬಿಟ್ಟು ಬೀಗ ಒತ್ತಿದರೆ ಸಾಕು, ಬೇಕಾದ ಇನ್ನೊಬ್ಬರು ಅಲ್ಲಿಂದಲೇ ಹತ್ತಿಕೊಂಡು ಹೋಗುತ್ತಾರೆ. ಅದೇ ಕಂಪನಿಯ ಸೈಕಲ್ಲುಗಳು ಚನ್ನರಾಯಪಟ್ಟಣದಲ್ಲೂ ಇದ್ದವು.

ನಮ್ಮ ಮೂಲೆಯ ಹಾಲಿನ ಬೂತಿನ ಪಕ್ಕ ಒಂದು ಸಾಲು ಸೈಕಲ್ ನಿಲ್ಲುತ್ತಿತ್ತು. ಬೆಳಿಗ್ಗೆ ಅವು ಒಂದೊಂದಾಗಿ ಇಳಿದು ಹೋಗುತ್ತಿದ್ದವು. ಹೋದವು ತಾವಾಗಿ ಹಿಂದಿರುಗುತ್ತಿರಲಿಲ್ಲ. ದಿನವಿಡೀ ದುಡಿದು, ಕೈಯಲ್ಲಿ ತರಕಾರಿ ಚೀಲ ಹಿಡಿದು, ಏರು ಹತ್ತಿಸಿಕೊಂಡು ಸೈಕಲ್ ತುಳಿಯುವ ಉಮೇದು ಯಾರಿಗಿರುತ್ತದೆ? ಜನ ಸಿಟಿ ಬಸ್ಸಿನಲ್ಲೋ ಶೇರ್ ಆಟೋದಲ್ಲೋ ಮನೆಗೆ ಬರುತ್ತಿದ್ದರು. ಸೈಕಲ್ಲುಗಳೆಲ್ಲ ಬಸ್ ಸ್ಟ್ಯಾಂಡಿನ ಕಾಂಪೌಂಡಿಗೆ ಒರಗಿ, ಒಂದರ ಮೇಲೊಂದು ಬಿದ್ದುಕೊಂಡಿರುತ್ತಿದ್ದವು. ಸಂಜೆ ಕಂಪನಿಯ ಟೆಂಪೋ ಅವನ್ನು ತುಂಬಿಕೊಂಡು ಬಂದು ಮತ್ತೆ ನಮ್ಮ ಮೂಲೆಯಲ್ಲಿ ಇಳಿಸುತ್ತಿತ್ತು. ನೀರು ಹರಿದು ಕೆಳಗೆ ಹೋಗುವುದು, ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸುವುದು, ಹಾಗಿತ್ತು ಆ ವ್ಯವಸ್ಥೆ.

ಈ ಸೈಕಲ್ಲುಗಳಿಂದ ನಿಜವಾಗಿ ಉಪಕಾರವಾದದ್ದು ನನ್ನ ಹೆಂಡತಿಗೆ. ಅವಳು ಹೊಳೆನರಸೀಪುರದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಿಗ್ಗೆ ಬಾಗಿಲು ತೆಗೆಯುವವಳೂ ಅವಳೇ. ಸಕ್ಕರೆ ಕಾಯಿಲೆಯವರು ರಾತ್ರಿ ಉಂಡ ಮೇಲೆ ಏನೂ ಮುಟ್ಟದೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಸುತ್ತಲಿನ ಹಳ್ಳಿಗಳಿಂದ ಬಂದ ವಯಸ್ಸಾದವರು ಕಾಫಿಯನ್ನೂ ಕುಡಿಯದೆ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಾರೆ. ಹಾಸನದಿಂದ ಹೊರಡುವ ಮುಂಜಾನೆಯ ಬಸ್ಸು ಸಿಕ್ಕರೆ ಅವಳು ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುತ್ತಾಳೆ. ಅದು ತಪ್ಪಿ ಮುಂದಿನ ಬಸ್ಸಿಗೆ ಹೋದರೆ ಅಷ್ಟೂ ಜನರ ಹಸಿವನ್ನು ಒಬ್ಬಳೇ ಎದುರಿಸಬೇಕು.

ನಾನು ಸ್ಕೂಟರಿನಲ್ಲಿ ಬಿಟ್ಟು ಬರಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನಾನು ಪತ್ರಿಕೆಯ ಡೆಸ್ಕಿನವನು. ಕೊನೆಯ ಪುಟ ಅಚ್ಚಿಗೆ ಹೋದ ಮೇಲೆ ಮನೆಗೆ ಬಂದು ಮಲಗುತ್ತೇನೆ, ಅವಳು ಹೊರಡುವಾಗ ನನಗೆ ನಡುನಿದ್ದೆ. ಒಂದೆರಡು ಸಲ ಎದ್ದು ಬಿಟ್ಟು ಬಂದದ್ದೂ ಉಂಟು. ಕಣ್ಣು ಮುಚ್ಚಿಕೊಂಡು ಗಾಡಿ ಓಡಿಸುವವರ ಹಿಂದೆ ತಾನು ಕೂರುವುದಿಲ್ಲ ಎಂದು ಅವಳೇ ಅದನ್ನು ನಿಲ್ಲಿಸಿದಳು. ಆ ಹೊತ್ತಿನಲ್ಲಿ ನಮ್ಮ ಕಡೆಗೆ ಆಟೋ ಬರುವುದು ಅಪರೂಪ. ಸ್ವಂತ ಸೈಕಲ್ ಕೊಂಡರೆ ದಿನವಿಡೀ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು, ಸಂಜೆ ಅದನ್ನು ತಳ್ಳಿಕೊಂಡು ಏರು ಹತ್ತಬೇಕು. ಹೋಗುವಾಗ ಮಾತ್ರ ಇದ್ದು ಬರುವಾಗ ಇಲ್ಲದ ಸೈಕಲ್ಲೇ ಅವಳಿಗೆ ಬೇಕಾಗಿತ್ತು. ನೀಲಿ ಸೈಕಲ್ ಅಂಥದ್ದೇ.

ಅವಳ ತವರು ಅರಕಲಗೂಡು. ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು. ಮದುವೆಯಾದ ಮೇಲೆ ಬಿಟ್ಟುಹೋಗಿದ್ದ ತುಳಿತ ಮತ್ತೆ ಕಾಲಿಗೆ ಬಂದಿತ್ತು. ಊಟದ ಡಬ್ಬಿ ಬುಟ್ಟಿಯಲ್ಲಿಟ್ಟು, ವೇಲು ಸೊಂಟಕ್ಕೆ ಕಟ್ಟಿ, ಇಳಿಜಾರಿನಲ್ಲಿ ತುಳಿಯದೆಯೇ ಹೋಗುವ ಸುಖವನ್ನು ಸಂಜೆ ಬಂದು ವರ್ಣಿಸುತ್ತಿದ್ದಳು. ನಾಯಿಗಳು ಅಟ್ಟಿಸಿಕೊಂಡು ಬಂದದ್ದನ್ನೂ ಸುಖದ ಲೆಕ್ಕಕ್ಕೇ ಸೇರಿಸುತ್ತಿದ್ದಳು.

ಕೆಲವು ತಿಂಗಳು ಹೀಗೆ ನಡೆಯಿತು. ಆಮೇಲೆ ಸೈಕಲ್ ಬೇಕೆನ್ನುವವರು ಹೆಚ್ಚಾದರು, ಸೈಕಲ್ಲುಗಳು ಅಷ್ಟೇ ಇದ್ದವು. ಆಗ ಯಾರೋ ಒಬ್ಬರು ಮೊದಲ ಟವಲ್ ಹಾಕಿದರು.

ಯಾರು ಎಂಬುದು ನನಗೆ ಗೊತ್ತಾಗಲಿಲ್ಲ, ವಿಚಾರಿಸಿದರೂ ಯಾರೂ ಒಪ್ಪಿಕೊಳ್ಳಲಿಲ್ಲ. ವಾರದ ರಜೆಯ ದಿನ ಹಾಲು ತರಲು ಹೋದಾಗ ನಾನು ಕಂಡದ್ದಿಷ್ಟು: ಸಾಲಿನ ಕೊನೆಯ ಸೈಕಲ್ಲಿನ ಸೀಟಿನ ಮೇಲೆ ಅಂಚು ಬಿಟ್ಟುಹೋದ ಬಿಳಿ ಟವಲ್ಲೊಂದು ನೀಟಾಗಿ ಮಡಿಸಿ ಹಾಸಿತ್ತು. ಪಕ್ಕದಲ್ಲಿ ಆಫೀಸಿಗೆ ಹೊರಟ ಒಬ್ಬರು ಮೊಬೈಲ್ ಹಿಡಿದು ನಿಂತಿದ್ದರು. ಉಳಿದ ಸೈಕಲ್ಲುಗಳು ಹೋಗಿದ್ದವು. ಅವರು ಟವಲಿಗೆ ಕೈಹಾಕಬೇಕು, ಅಷ್ಟರಲ್ಲಿ ಬೂತಿನ ಮುಂದಿನ ಕಲ್ಲುಬೆಂಚಿನಿಂದ ಧ್ವನಿ ಬಂತು.

"ಸ್ವಾಮಿ, ಅದು ಬುಕ್ ಆಗೈತೆ. ಟವಲ್ ಕಾಣಾಕಿಲ್ವಾ?"

ಹಾಗೆಂದವರು ನಮ್ಮ ಬಡಾವಣೆಯ ನಿವೃತ್ತ ಕಂಡಕ್ಟರ್. ಹಾಸನ, ಅರಕಲಗೂಡು, ಹೊಳೆನರಸೀಪುರ ಎಂದು ಜೀವಮಾನವೆಲ್ಲ ಬಸ್ಸಿನಲ್ಲಿ ನಿಂತೇ ಕಳೆದವರು. ಈಗ ಕೂರುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಎನ್ನುತ್ತಿದ್ದರು. ಆಫೀಸಿನವರು, ಆ್ಯಪಿನಲ್ಲಿ ಬುಕ್ ಆಗಿರುವ ಹಾಗೆ ತೋರಿಸುತ್ತಿಲ್ಲವಲ್ಲ ಎಂದರು.

"ಆ್ಯಪ್ಪು ಮೊನ್ನೆ ಬಂದಿದ್ದು. ಟವಲ್ಲು ನಮ್ಮಪ್ಪನ ಕಾಲದ್ದು."

ಆಫೀಸಿನವರು ನಗುತ್ತ ನಡೆದೇ ಹೋದರು. ಅವರಿಗೂ ಬಸ್ಸಿನ ಕಿಟಕಿಯಿಂದ ಕರ್ಚೀಫು ತೂರಿಸಿ ಸೀಟು ಹಿಡಿದ ಅನುಭವ ಇದ್ದೇ ಇತ್ತು. ನಮ್ಮ ಕಡೆ ಯಾರಿಗಿಲ್ಲ? ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಒಳಗೆ ಬೀಳುತ್ತದೆ. ಅದು ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂತರೆ ತಕರಾರು ಖಂಡಿತ, ತೀರ್ಪು ಯಾವಾಗಲೂ ಟವಲಿನ ಪರವಾಗಿ.

ಸ್ವಲ್ಪ ದಿನದಲ್ಲಿ ಸಾಲಿನ ಎಲ್ಲ ಸೈಕಲ್ಲುಗಳ ಮೇಲೂ ಏನಾದರೊಂದು ಇರತೊಡಗಿತು. ಟವಲ್, ಕರ್ಚೀಫು, ಮಡಿಸಿದ ಕೊಡೆ, ಒಂದರ ಮೇಲೆ ಮಗುವಿನ ಸ್ವೆಟರ್. ಟೆಂಪೋ ಸಂಜೆ ಸೈಕಲ್ ಇಳಿಸಿ ಹೋಗುತ್ತಿದ್ದಂತೆ ಜನ ಬಂದು ಹಾಸಿ ಹೋಗುತ್ತಿದ್ದರು. ನನ್ನ ಹೆಂಡತಿ ಒಂದು ಹಳೆಯ ಹಸಿರು ವೇಲನ್ನು ಇದಕ್ಕೆಂದೇ ಇಟ್ಟುಕೊಂಡಳು. ಯಾರೂ ಇನ್ನೊಬ್ಬರದನ್ನು ಮುಟ್ಟುತ್ತಿರಲಿಲ್ಲ. ಟವಲ್ ಕಳೆದುಹೋದ ದೂರೂ ಇರಲಿಲ್ಲ. ಪೊಲೀಸಿಲ್ಲದೆ, ಬೋರ್ಡಿಲ್ಲದೆ ಪಾಲನೆಯಾಗುವ ನಿಯಮ ಎಂದು ಪತ್ರಿಕೆಗೆ ಒಂದು ಬಾಕ್ಸ್ ಐಟಂ ಆಗುವ ಸುದ್ದಿ ಅದು. ನಮ್ಮ ಮನೆಯ ವೇಲೂ ಅದರಲ್ಲಿ ಇದ್ದುದರಿಂದ ನಾನು ಬರೆಯಲಿಲ್ಲ. ಬರೆಯದಿದ್ದುದು ಒಳ್ಳೆಯದೇ ಆಯಿತು.

ಏಕೆಂದರೆ ಟವಲ್ ಹಾಕಿದವರೆಲ್ಲ ಬೆಳಿಗ್ಗೆ ಬೇಗ ಹೋಗುವವರಲ್ಲ. ಹತ್ತು ಗಂಟೆಯ ಬ್ಯಾಂಕಿನವರೂ ಸಂಜೆಯೇ ಹಾಕುತ್ತಿದ್ದರು. ಅಲ್ಲಿಯವರೆಗೆ ಆ ಸೈಕಲ್ ಸುಮ್ಮನೆ ನಿಂತಿರುತ್ತಿತ್ತು. ಕೆಲವರು ಟವಲ್ ಹಾಕಿ, ಬೆಳಿಗ್ಗೆ ಪಕ್ಕದ ಮನೆಯವರ ಬೈಕ್ ಸಿಕ್ಕಿತೆಂದು ಅದನ್ನೇ ಹತ್ತಿ ಹೋಗುತ್ತಿದ್ದರು. ಇನ್ನೊಬ್ಬರು ಸಂಗೀತೋತ್ಸವಕ್ಕೆಂದು ರುದ್ರಪಟ್ಟಣಕ್ಕೆ ಹೋದವರು ಉತ್ಸವ ಮುಗಿಯುವವರೆಗೆ ಬರಲಿಲ್ಲ. ಅವರ ಕೆಂಪು ಟವಲ್ ಅಷ್ಟು ದಿನವೂ ಇಬ್ಬನಿಗೆ ನೆನೆದು ಬಿಸಿಲಿಗೆ ಒಣಗುತ್ತ ಸೈಕಲ್ ಕಾಯುತ್ತಿತ್ತು. ಸೈಕಲ್ ಬೇಕಾದವರು ಬಂದು, ಆ್ಯಪ್ ತೆರೆದು, ಟವಲ್ ನೋಡಿ, ಮರ್ಯಾದೆಯಿಂದ ನಡೆದು ಹೋಗುತ್ತಿದ್ದರು.

ಸಂಜೆ ಇಳಿಸುವ ಸೈಕಲ್ಲುಗಳು ಕಡಿಮೆಯಾಗುತ್ತ ಬಂದವು. ಯಾರೂ ಅದನ್ನು ದೊಡ್ಡದಾಗಿ ಗಮನಿಸಲಿಲ್ಲ. ಒಂದು ಬೆಳಿಗ್ಗೆ ನನ್ನ ಹೆಂಡತಿ ಹೋಗಿ ನೋಡಿದರೆ ಸಾಲೇ ಇರಲಿಲ್ಲ. ಹಸಿರು ವೇಲೂ ಇರಲಿಲ್ಲ. ಹಿಂದಿನ ಸಂಜೆ ಟೆಂಪೋ ಬಂದಿತ್ತು, ಆದರೆ ಇಳಿಸಲು ಅಲ್ಲ, ತುಂಬಿಕೊಂಡು ಹೋಗಲು.

ಅವಳು ಓಡುನಡಿಗೆಯಲ್ಲಿ ಇಳಿದು ಹೋದಳು. ಬಸ್ಸು ಹೊರಟುಹೋಗಿತ್ತು. ಲ್ಯಾಬಿನ ಮೆಟ್ಟಿಲ ಮೇಲೆ ಕಾಯುತ್ತಿದ್ದವರಲ್ಲಿ ಒಬ್ಬ ಅಜ್ಜಿಗೆ ತಲೆ ಸುತ್ತು ಬಂದು, ಎದುರಿನ ಹೋಟೆಲಿನವರು ಸಕ್ಕರೆ ನೀರು ಕುಡಿಸಿದ್ದರಂತೆ. ಅಜ್ಜಿಗೇನೂ ಆಗಲಿಲ್ಲ. ಆದರೆ ಸಕ್ಕರೆ ನೀರು ಕುಡಿದ ಮೇಲೆ ಆ ದಿನ ರಕ್ತ ಕೊಡುವಂತಿಲ್ಲ, ಅಷ್ಟು ದೂರ ಬಂದದ್ದು ದಂಡವಾಯಿತು. ಅದೇ ವಾರ ಬಸ್ಸು ಇನ್ನೊಂದು ಸಲ ತಪ್ಪಿತು. ಆಗ ಲ್ಯಾಬಿನ ಮಾಲೀಕರು ಅವಳನ್ನು ಕೂರಿಸಿಕೊಂಡು ಮಾತಾಡಿದರು. ಗದರಿಸಲಿಲ್ಲ. ಅವಳ ಕೆಲಸದ ಮೇಲೆ ತಮಗೆ ಯಾವ ದೂರೂ ಇಲ್ಲ, ಬಾಗಿಲು ತೆಗೆಯುವ ಹೊತ್ತಿನದಷ್ಟೇ ದೂರು ಎಂದರಂತೆ. ಊರಿನಲ್ಲೇ ಇರುವ ಒಬ್ಬ ಹುಡುಗಿ ಕೆಲಸ ಕೇಳಿಕೊಂಡು ಬಂದಿದ್ದಾಳೆ, ಇನ್ನು ಹೀಗಾದರೆ ಅವಳನ್ನು ತೆಗೆದುಕೊಳ್ಳದೆ ವಿಧಿಯಿಲ್ಲ ಎಂದೂ ಹೇಳಿದರಂತೆ.

ಆ ಕೆಲಸ ಅವಳಿಗೆ ಇಷ್ಟ. ನರ ಸಿಗದ ಮುದುಕರ ತೋಳಿನಲ್ಲಿ ಒಂದೇ ಸಲಕ್ಕೆ ನರ ಹಿಡಿಯುವವಳೆಂದು ಆ ಕಡೆಯ ಹಳ್ಳಿಗಳಲ್ಲಿ ಅವಳಿಗೆ ಹೆಸರಿದೆ. ಅವಳು ಸಪ್ಪಗೆ ಕೂತು ಇದನ್ನೆಲ್ಲ ಹೇಳಿದಾಗ, ಇನ್ನು ನಾನೇ ಎದ್ದು ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆ ಎಂದೆ. "ನಾಲ್ಕು ದಿನ ಏಳ್ತೀರಿ, ಐದನೇ ದಿನ ಇಬ್ಬರೂ ಚರಂಡೀಲಿ ಇರ್ತೀವಿ," ಎಂದಳು. ಟೆಂಪೋದಲ್ಲಿ ಸೈಕಲ್ ತರುವವನನ್ನು ಹಿಡಿದು ಮಾತಾಡೋಣ ಎಂದು ತೀರ್ಮಾನವಾಯಿತು.

ಮುಂದಿನ ಭಾನುವಾರ ಸಂಜೆ, ಅಲ್ಲಲ್ಲಿ ಬಿಟ್ಟ ಸೈಕಲ್ಲುಗಳನ್ನು ತುಂಬಿಕೊಂಡು ಹೋಗುತ್ತಿದ್ದ ಟೆಂಪೋ ಬೂತಿನ ಹತ್ತಿರ ಬಂತು. ಸೈಕಲ್ಲುಗಳನ್ನು ಅಲ್ಲಿಂದಿಲ್ಲಿಗೆ ಹಂಚುವ ಉಸ್ತುವಾರಿಯವನು ಹಿರೀಸಾವೆಯವನು, ಮೂವತ್ತು ದಾಟಿದ ಗಟ್ಟಿ ಆಳು. ನಮ್ಮ ಮೂಲೆಯಿಂದ ಸೈಕಲ್ ಏಕೆ ತೆಗೆದಿರಿ ಎಂದು ಕೇಳಿದೆ. ಅವನು ತನ್ನ ಮೊಬೈಲಿನ ನಕ್ಷೆ ತೋರಿಸಿದ. ಓಡಾಡುವ ಸೈಕಲ್ಲುಗಳಿರುವ ಜಾಗ ಹಸಿರು, ನಿಂತೇ ಇರುವ ಜಾಗ ಕೆಂಪು. ನಮ್ಮ ಮೂಲೆ ಕೆಂಪಗಿತ್ತು.

"ನಿಮ್ಮೋರು ಆ್ಯಪ್ ತೆಗೀತಾರೆ, ನೋಡ್ತಾರೆ, ನಡ್ಕಂಡು ಓಯ್ತಾರೆ ಸಾ. ಇವ್ರಿಗೆ ಸೈಕಲ್ ಬ್ಯಾಡ ಅಂತ ಮೇಲಿನೋರು ಬರ್ಕಂಡವ್ರೆ. ಚನ್ನರಾಯಪಟ್ಟಣದಾಗೆ ಸೈಕಲ್ಗೆ ನಿಲ್ಲಾಕೇ ಪುರ್ಸೊತ್ತಿಲ್ಲ. ಇವನ್ನೆಲ್ಲ ಅಲ್ಲಿಗೇ ಆಕಿ ಅಂದವ್ರೆ."

ಅಲ್ಲಿಯ ಸೈಕಲ್ಲೊಂದು ಶ್ರವಣಬೆಳಗೊಳ ದಾಟಿ ಜಿನನಾಥಪುರದ ಬಸದಿಯವರೆಗೂ ಹೋಗಿತ್ತಂತೆ, ತಾನೇ ಹೋಗಿ ತಂದೆ ಎಂದು ಹೆಮ್ಮೆಯಿಂದ ಹೇಳಿದ. ಅದಕ್ಕೆ ಹೋಲಿಸಿದರೆ ನಮ್ಮದು ಸೋಮಾರಿಗಳ ಬಡಾವಣೆ ಎಂಬುದು ಅವನ ದನಿಯಲ್ಲೇ ಇತ್ತು.

ನನ್ನ ಹೆಂಡತಿ, ಸೀಟಿನ ಮೇಲಿದ್ದ ಬಟ್ಟೆಗಳು ಎಲ್ಲಿ ಎಂದು ಕೇಳಿದಳು. ಅವನು ಡ್ರೈವರ್ ಸೀಟಿನ ಹಿಂದಿನಿಂದ ಒಂದು ಅಕ್ಕಿ ಚೀಲ ಎಳೆದು ಬಿಚ್ಚಿದ. ಕೆಂಪು ಟವಲ್, ಕೊಡೆ, ಸ್ವೆಟರ್, ಹಸಿರು ವೇಲು ಎಲ್ಲವೂ ಮಡಿಸಿಟ್ಟಿದ್ದವು. ಜನ ಒಗೆದು ಒಣಗಲು ಹಾಕುತ್ತಾರೆ ಎಂದುಕೊಂಡಿದ್ದನಂತೆ.

ಅಷ್ಟರಲ್ಲಿ ಕಂಡಕ್ಟರು ಬೆಂಚಿನಿಂದ ಎದ್ದು ಬಂದಿದ್ದರು. ಬ್ಯಾಂಕಿನವರೂ ಇನ್ನಿಬ್ಬರೂ ಸೇರಿದ್ದರು. ಕಂಡಕ್ಟರು ಕೇಳಿದರು:

"ಹೈವೇ ಮೇಲಿನ ಊರೋನಾಗಿ, ಟವಲ್ ಆಕೋದು ಗೊತ್ತಿಲ್ವೇನ್ಲಾ ನಿಂಗೆ?"

"ನಮ್ಮೂರಾಗೆ ಬಸ್ಸು ನಿಲ್ಲೋದೇ ಒಂದ್ ಗಳಿಗೆ ಯಜಮಾನ್ರೇ. ಟವಲ್ ತೆಗ್ದು ಆಕೋ ಒತ್ಗೆ ಬಸ್ಸೇ ಓಗಿರ್ತದೆ. ಅದು ನಿಮ್ಮಂಗೆ ಸ್ಟ್ಯಾಂಡಲ್ಲಿ ಕೂರೋರ ಚಾಳಿ."

ಕಂಡಕ್ಟರೂ ನಕ್ಕರು. ನಕ್ಕ ಮೇಲೆ ವಿಷಯ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಟವಲ್ ನಮಗೆ ಕಾಣುತ್ತಿತ್ತು, ಕಂಪನಿಗೆ ಕಾಣುತ್ತಿರಲಿಲ್ಲ. ಸೈಕಲ್ ಸಾಲದೆ ನಾವು ಹಾಸಿದ ಬಟ್ಟೆಯಿಂದಲೇ, ನಮಗೆ ಸೈಕಲ್ ಬೇಡವೆಂದು ಅವರು ತಿಳಿದಿದ್ದರು.

ಉಸ್ತುವಾರಿಯವನು ಒಂದು ದಾರಿ ಹೇಳಿದ. ಈಗ ಟೆಂಪೋದಲ್ಲಿರುವ ಸೈಕಲ್ಲುಗಳನ್ನು ಇಲ್ಲೇ ಇಳಿಸುತ್ತೇನೆ, ಈ ಒಂದು ವಾರ ಓಡಾಡಿದರೆ ಇಲ್ಲೇ ಉಳಿಯುತ್ತವೆ, ನಿಂತರೆ ಮುಂದಿನ ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗುತ್ತವೆ ಎಂದ. ಟವಲ್ ಹಾಕುವುದನ್ನು ಬಿಡಬೇಕು ಎಂದು ನನ್ನ ಹೆಂಡತಿ ಹೇಳಿದಳು. ಬ್ಯಾಂಕಿನವರಿಗೆ ಅದು ಹಿಡಿಸಲಿಲ್ಲ. ಟವಲ್ ಇಲ್ಲದಿದ್ದರೆ ಬೆಳಿಗ್ಗೆ ಏಳುವವರೆಲ್ಲ ತೆಗೆದುಕೊಂಡು ಹೋಗುತ್ತಾರೆ, ಹತ್ತು ಗಂಟೆಯವರು ಏನು ಮಾಡಬೇಕು ಎಂದರು. ಕಂಡಕ್ಟರೂ ತಲೆದೂಗಿದರು. ಅವರ ಮಟ್ಟಿಗೆ ಹಾಸಿದ ಟವಲನ್ನು ಎತ್ತುವುದೆಂದರೆ ಮನೆಯ ಬೀಗ ಒಡೆದ ಹಾಗೆ.

ನನ್ನ ಹೆಂಡತಿ ಅವರ ಕಡೆ ತಿರುಗಿದಳು.

"ಟವಲ್ ಹಾಕ್ದೋರು ಬರದೇ ಇದ್ರೆ ನೀವು ಬಸ್ಸಲ್ಲಿ ಏನ್ ಮಾಡ್ತಿದ್ರಿ ಯಜಮಾನ್ರೇ?"

"ರೈಟ್ ಅನ್ನೋಗಂಟ ಕಾಯ್ತಿದ್ದೆ ಕಣವ್ವ. ಆಮೇಲೆ ಎತ್ತಿ ಕಂಬಿಗ್ ನೇತಾಕಿ, ನಿಂತಿರೋರ್ನ ಕೂರುಸ್ತಿದ್ದೆ."

"ಈ ಸೈಕಲ್ಗೆ ರೈಟ್ ಅನ್ನೋರು ಯಾರು?"

ಅವರು ಟೆಂಪೋದಲ್ಲಿದ್ದ ಸೈಕಲ್ಲುಗಳನ್ನು ನೋಡಿದರು. ಆಮೇಲೆ, ಡ್ರೈವರೇ ಇಲ್ಲದ ಬಸ್ಸಿಗೆ ಟವಲ್ ಹಾಕಿಕೊಂಡು ಕೂತ ಹಾಗಾಯಿತು ಎಂದು ಮೆಲ್ಲಗೆ ಹೇಳಿದರು. ಚೀಲದಿಂದ ಅವರು ಎತ್ತಿಕೊಂಡ ಟವಲ್ ಅಂಚು ಬಿಟ್ಟುಹೋದ ಬಿಳಿಯದು. ಅದನ್ನು ಹೆಗಲಿಗೆ ಹಾಕಿಕೊಳ್ಳುವಾಗ ಯಾರೂ ಏನೂ ಕೇಳಲಿಲ್ಲ.

ಹತ್ತು ಗಂಟೆಯವರ ಪ್ರಶ್ನೆಗೆ ಉಸ್ತುವಾರಿಯವನೇ ಉತ್ತರ ಕೊಟ್ಟ. ಬೆಳಿಗ್ಗೆ ಬೇಗ ಹೋಗುವವರ ಸೈಕಲ್ಲುಗಳು ಬಸ್ ಸ್ಟ್ಯಾಂಡಿಗೆ ಬಂದು ಬಿದ್ದರೆ, ಬೆಳಿಗ್ಗೆಯೂ ಒಂದು ಸಲ ಈ ಕಡೆ ಟೆಂಪೋ ಹೇಗೂ ಬರುತ್ತದೆ, ಹತ್ತು ಗಂಟೆಯೊಳಗೆ ಅವನ್ನೇ ಮತ್ತೆ ತಂದು ಇಳಿಸುತ್ತೇನೆ ಎಂದ. ನಿಂತ ಸೈಕಲ್ಲನ್ನು ತರುವುದು ಹೇಗೆ, ಅದು ಹೋದರೆ ತಾನೇ ತರುವುದು?

ಸೋಮವಾರ ನಾನು ನಿದ್ದೆಗೆಟ್ಟು ಮೂಲೆಯವರೆಗೆ ಹೋದೆ. ಸೀಟುಗಳು ಬರಿದಾಗಿದ್ದವು. ವಿಚಿತ್ರವೆಂದರೆ ಜನ ಹಾಗೆಯೇ ನಿಂತಿದ್ದರು, ಬರಿದಾದ ಸೀಟನ್ನು ಮೊದಲು ಮುಟ್ಟಲು ಎಲ್ಲರಿಗೂ ಸಂಕೋಚ. ಕಂಡಕ್ಟರು ಬೆಂಚಿನಿಂದಲೇ ದೊಡ್ಡ ದನಿಯಲ್ಲಿ "ರೈಟ್" ಎಂದರು. ನನ್ನ ಹೆಂಡತಿ ಡಬ್ಬಿ ಬುಟ್ಟಿಯಲ್ಲಿಟ್ಟು ಹೊರಟಳು, ಅವಳ ಹಿಂದೆ ಉಳಿದವರು.

ಎಲ್ಲ ದಿನವೂ ಸಲೀಸಾಗಿರಲಿಲ್ಲ. ಗುರುವಾರ ಅವಳು ಹೋಗುವಷ್ಟರಲ್ಲಿ ಸಾಲು ಖಾಲಿಯಾಗಿತ್ತು. ಟ್ಯೂಷನ್ನಿನ ಮಕ್ಕಳು ಅವಳಿಗಿಂತ ಮೊದಲೇ ಬಂದಿದ್ದರು. ಅವಳು ಆ್ಯಪ್ ತೆರೆದಳು. ಎರಡು ರಸ್ತೆ ಆಚೆ, ಪಾರ್ಕಿನ ಗೇಟಿನಲ್ಲಿ ಒಂದು ಸೈಕಲ್ ತೋರಿಸಿತು. ವಾಕಿಂಗಿಗೆ ಹೋದವರು ಯಾರೋ ಆಗ ತಾನೇ ಅಲ್ಲಿ ಬಿಟ್ಟಿದ್ದರು. ಮೊದಲಿನ ದಿನಗಳಾಗಿದ್ದರೆ ಅದು ಟವಲ್ ಹೊದ್ದು ಬೂತಿನ ಮುಂದೆ ಮಲಗಿರುತ್ತಿತ್ತು. ಅವಳು ಓಡಿ ಹೋಗಿ ಅದನ್ನು ಹತ್ತಿದಳು. ಬಸ್ ಸ್ಟ್ಯಾಂಡ್ ತಲುಪಿದಾಗ ಬಸ್ಸನ್ನು ಹಿಂದಕ್ಕೆ ತೆಗೆಯುತ್ತಿದ್ದರಂತೆ. ಇವಳು ಸೈಕಲ್ ಬೀಗ ಒತ್ತುವವರೆಗೆ ಆ ಬಸ್ಸಿನ ಕಂಡಕ್ಟರ್ ಬಾಗಿಲು ಹಿಡಿದು ನಿಂತಿದ್ದನಂತೆ. ಸಂಜೆ ಇದನ್ನು ಹೇಳುವಾಗ ಅವಳು ಅರಕಲಗೂಡಿನ ಹೈಸ್ಕೂಲು ಹುಡುಗಿಯ ಹಾಗೆ ಕಂಡಳು.

ಭಾನುವಾರ ಟೆಂಪೋ ಬಂದಾಗ ನಾವೆಲ್ಲ ಅಲ್ಲಿದ್ದೆವು, ಇದ್ದೇವೆಂದು ತೋರಿಸಿಕೊಳ್ಳದೆ. ಬ್ಯಾಂಕಿನವರು ಹಾಲು ತೆಗೆದುಕೊಳ್ಳುವ ನೆಪದಲ್ಲಿ ನಿಂತಿದ್ದರು. ಉಸ್ತುವಾರಿಯವನು ಇಳಿದವನೇ ಟೆಂಪೋದ ಹಿಂಬಾಗಿಲ ಚಿಲಕ ತೆಗೆದು ಸೈಕಲ್ ಇಳಿಸಲು ಶುರುಮಾಡಿದ. ಮೊದಲಿಗಿಂತ ಹೆಚ್ಚೇ ಇದ್ದವು. ನಕ್ಷೆಯಲ್ಲಿ ನಮ್ಮ ಮೂಲೆ ಇನ್ನೂ ಪೂರ್ತಿ ಹಸಿರಾಗಿರಲಿಲ್ಲ, ಆದರೆ ಕೆಂಪು ಹೋಗಿತ್ತು. ಈ ಸಾಲು ಇಲ್ಲೇ ಉಳಿಯುತ್ತದೆ, ಮೇಲಿನವರು ಒಪ್ಪಿದ್ದಾರೆ ಎಂದು ಹೇಳಿ, ನಾವು ಸಂತೋಷಪಡುವುದನ್ನು ನೋಡಲೂ ನಿಲ್ಲದೆ ಹೊರಟ.

ಆಮೇಲೂ ಒಮ್ಮೊಮ್ಮೆ ಸೀಟಿನ ಮೇಲೆ ಕರ್ಚೀಫು ಕಾಣಿಸುತ್ತದೆ, ಅಭ್ಯಾಸ ಪೂರ್ತಿ ಹೋಗಿಲ್ಲ. ಬೆಳಗಿನವರು ಅದನ್ನು ಎತ್ತಿ ಬೂತಿನ ಕಂಬಿಗೆ ನೇತುಹಾಕಿ ಹೋಗುತ್ತಾರೆ. ಜಗಳವಾದದ್ದು ನಾನು ಕೇಳಿಲ್ಲ.

ಹೊಳೆನರಸೀಪುರದ ಲ್ಯಾಬಿಗೆ ಒಮ್ಮೆ ನಾನೂ ಹೋಗಿದ್ದೆ, ರಜೆಯ ದಿನ ಬೇರೊಂದು ಕೆಲಸಕ್ಕೆಂದು ಆ ಕಡೆ ಹೋದವನು. ಎಂಟು ಗಂಟೆಯಿರಬೇಕು. ಮೆಟ್ಟಿಲು ಖಾಲಿಯಾಗಿತ್ತು. ಮಾಲೀಕರು ನನ್ನನ್ನು ಕೂರಿಸಿ, ಕೆಲಸ ಕೇಳಿಕೊಂಡು ಬಂದಿದ್ದ ಹುಡುಗಿಗೆ ಮಧ್ಯಾಹ್ನದ ಪಾಳಿ ಕೊಟ್ಟಿದ್ದೇನೆ, ಬೆಳಗಿನದು ನಿಮ್ಮ ಮನೆಯವರದೇ ಎಂದರು. ಒಳಗೆ ಅವಳು ಸಾಲಾಗಿ ನಿಲ್ಲಿಸಿದ ಸಣ್ಣ ಗಾಜಿನ ನಳಿಕೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ತಲೆ ಎತ್ತದೆ, ಕಿಟಕಿಯ ಕಡೆ ಕೈ ತೋರಿಸಿದಳು. ರಕ್ತ ಕೊಟ್ಟವರೆಲ್ಲ ಎದುರಿನ ಹೋಟೆಲಿನಲ್ಲಿ ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಇಡ್ಲಿ ತಿನ್ನುತ್ತಿದ್ದರು.